ಬೆಲ್ಟಿನ ಬಕಲ್‌ನಿಂದ ಟಿವಿ ಪರದೆಯವರೆಗೆ: ಶಾರ್ಪ್ ಗೆದ್ದದ್ದು ಹೇಗೆ, ಸೋತದ್ದು ಎಲ್ಲಿ

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ವಿದ್ಯಾರ್ಥಿ. ಜಪಾನಿನ ಶಾರ್ಪ್ ಕಂಪನಿ ಶುರುವಾದದ್ದೇ ಪೆನ್ಸಿಲಿನಿಂದ, ಪೆನ್ ಪೆನ್ಸಿಲ್ ಕಂಡುಹಿಡಿದವರೇ ಅದರ ಸ್ಥಾಪಕರು ಎಂದು ನಮ್ಮ ಮೇಷ್ಟ್ರು ಹೇಳಿದರು. ನಿಜವೇ? ಪೆನ್ಸಿಲ್ ಮಾಡುತ್ತಿದ್ದವರು ಕ್ಯಾಲ್ಕುಲೇಟರಿಗೆ, ಟಿವಿಗೆ ಬಂದದ್ದು ಹೇಗೆ? ಎಲ್‌ಸಿಡಿಯಲ್ಲಿ ಎಲ್ಲರಿಗಿಂತ ಮುಂದಿದ್ದವರು ತೈವಾನಿನವರ ಕೈಸೇರಿದ್ದು ಯಾಕೆ? ಈಗ ಅದನ್ನು ಜಪಾನಿ ಕಂಪನಿ ಅನ್ನಬಹುದೇ?

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ಅರ್ಧ ಸರಿ. ಕಂಪನಿಗೆ ಹೆಸರು ಕೊಟ್ಟದ್ದು ಪೆನ್ಸಿಲ್. ಆದರೆ ಕಂಪನಿ ಹುಟ್ಟಿದ್ದು ಬೆಲ್ಟಿನ ಬಕಲ್‌ನಿಂದ. ಪೆನ್ ಪೆನ್ಸಿಲನ್ನು ಜಗತ್ತಿನಲ್ಲಿ ಮೊದಲು ಮಾಡಿದವರೂ ಶಾರ್ಪಿನ ಸ್ಥಾಪಕರಲ್ಲ. ಇಂಗ್ಲೆಂಡಿನ ಹಾಕಿನ್ಸ್ ಮತ್ತು ಮೋರ್ಡನ್ 1822ರಲ್ಲೇ ಅಂಥದ್ದೊಂದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು. ಶಾರ್ಪಿನ ಸ್ಥಾಪಕರು ಮಾಡಿದ್ದು ಲೋಹದ ಕೊಳವೆಯೊಳಗೆ ತಿರುಪಿನ ಹಾಗೆ ತಿರುಗಿ ಲೆಡ್ ತಳ್ಳುವ ಗಟ್ಟಿಮುಟ್ಟಾದ ವ್ಯವಸ್ಥೆಯನ್ನು. ಅದಕ್ಕೆ ಅವರು 1915ರಲ್ಲಿ ಪೇಟೆಂಟ್ ಪಡೆದರು. ‘ಮೊದಲು ಕಂಡುಹಿಡಿದವರು’ ಎಂಬ ಬಿರುದನ್ನು ಇಂಥ ಕಥೆಗಳಲ್ಲಿ ಧಾರಾಳವಾಗಿ ಹಂಚುತ್ತಾರೆ. ಈ ಮನುಷ್ಯನ ನಿಜವಾದ ಜಾಣತನ ಬೇರೆ ಕಡೆ ಇತ್ತು ಎಂಬುದು ನನ್ನ ಅಭಿಪ್ರಾಯ. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆಂದು ಬಿಚ್ಚಿ ನೋಡುವುದು, ಅದನ್ನೇ ಅಗ್ಗವಾಗಿ, ಚೆನ್ನಾಗಿ ಮಾಡುವುದು, ಉಳಿದವರೂ ಅದನ್ನು ಮಾಡಲು ಕಲಿಯುವ ಹೊತ್ತಿಗೆ ಮುಂದಿನದಕ್ಕೆ ಕೈ ಹಾಕುವುದು. ಈ ಅಭ್ಯಾಸ ಇದ್ದಷ್ಟು ದಿನ ಕಂಪನಿ ಬೆಳೆಯಿತು. ಅದನ್ನು ಬಿಟ್ಟ ಮೇಲೆ ಏನಾಯಿತೆಂಬುದು ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ.

ಅವರ ಹೆಸರು ತೋಕುಜಿ ಹಯಾಕಾವಾ. ಹುಟ್ಟಿದ್ದು ಟೋಕಿಯೊದಲ್ಲಿ, 1893ರ ನವೆಂಬರ್ 3ರಂದು. ತಾಯಿಗೆ ಕಾಯಿಲೆ, ಮನೆಯಲ್ಲಿ ಬಡತನ. ಎರಡು ವರ್ಷ ತುಂಬುವ ಮೊದಲೇ ಮಗುವನ್ನು ದೇಗುಚಿ ಎಂಬ ಕುಟುಂಬಕ್ಕೆ ದತ್ತು ಕೊಟ್ಟರು. ಅಲ್ಲಿ ಬಂದ ಮಲತಾಯಿ ಹುಡುಗನನ್ನು ಗೋಳು ಹೊಯ್ದುಕೊಂಡಳು. ಬೆಂಕಿಪೊಟ್ಟಣ ಅಂಟಿಸುವ ಮನೆಗೆಲಸಕ್ಕೆ ಅವನೂ ಒಂದು ಕೈ. ಎರಡನೇ ಇಯತ್ತೆಗೇ ಶಾಲೆ ನಿಂತಿತು. ಪಕ್ಕದಲ್ಲಿ ಇನೊಯೆ ಎಂಬ ಅಂಧ ಮಹಿಳೆ ಇದ್ದರು. ಹುಡುಗನ ಪಾಡು ನೋಡಲಾರದೆ ಅವರೇ ಅವನ ಕೈ ಹಿಡಿದು, ಲೋಹದ ಒಡವೆ, ಅಲಂಕಾರದ ಸಾಮಾನು ಮಾಡುವ ಕುಶಲಕರ್ಮಿಯೊಬ್ಬರ ಹತ್ತಿರ ಕೆಲಸಕ್ಕೆ ಸೇರಿಸಿದರು. ಆಗ ಅವನಿಗೆ ಎಂಟು ವರ್ಷದ ಆಸುಪಾಸು. ತಗಡು ಕತ್ತರಿಸುವುದು, ಬೆಸುಗೆ ಹಾಕುವುದು, ಅಚ್ಚು ಮಾಡುವುದು, ಎಲ್ಲವನ್ನೂ ಕಲಿತದ್ದು ಅಲ್ಲೇ. ಮುಂದೆ ರೇಡಿಯೊ ಮಾಡಿದಾಗಲೂ ಅವರಿಗೆ ಕೈಹಿಡಿದದ್ದು ಈ ಲೋಹದ ಕೆಲಸವೇ. ವಿದ್ಯುತ್ತಿನ ಬಗ್ಗೆ ಆಗ ಅವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ.

ಮೊದಲ ಸ್ವಂತ ವಸ್ತು 1912ರ ಬಕಲ್, ಹೆಸರು ‘ತೋಕುಬಿಜೊ’. ಬೆಲ್ಟಿಗೆ ತೂತು ಕೊರೆಯುವ ಅಗತ್ಯವೇ ಇಲ್ಲ, ಎಲ್ಲಿ ಬೇಕೋ ಅಲ್ಲಿ ಬಿಗಿಯಾಗಿ ನಿಲ್ಲುವ ಕೊಂಡಿ. ಇದಕ್ಕೆ ಒಮ್ಮೆಗೇ 33 ಗ್ರೋಸ್ ಆರ್ಡರ್ ಬಂತು. ಒಂದು ಗ್ರೋಸ್‌ಗೆ 144ರ ಲೆಕ್ಕದಲ್ಲಿ 4,752 ಬಕಲ್. ಅದೇ ವರ್ಷದ ಸೆಪ್ಟೆಂಬರ್ 15ರಂದು, ಹದಿನೆಂಟರ ಹುಡುಗ ಟೋಕಿಯೊದ ಹೊಂಜೊ ಭಾಗದಲ್ಲಿ ಸ್ವಂತ ಕಾರ್ಯಾಗಾರ ತೆರೆದ. ಬಂಡವಾಳ ಸುಮಾರು 50 ಯೆನ್, ಅದರಲ್ಲೂ ಹೆಚ್ಚಿನ ಪಾಲು ಸಾಲ. ಕಂಪನಿ ಇವತ್ತಿಗೂ ತನ್ನ ಹುಟ್ಟಿದ ದಿನ ಎಂದು ಲೆಕ್ಕ ಹಿಡಿಯುವುದು ಇದನ್ನೇ.

ಪೆನ್ಸಿಲ್ ಬಂದದ್ದು ಇದಾದ ಮೇಲೆ. ಮೊದಮೊದಲು ಜಪಾನಿನ ಅಂಗಡಿಯವರು ಅದನ್ನು ಮೂಸಿಯೂ ನೋಡಲಿಲ್ಲ. ಲೋಹದ ಮೈ ಚಳಿಗಾಲದಲ್ಲಿ ತಣ್ಣಗೆ ಕೊರೆಯುತ್ತದೆ, ಕಿಮೊನೊ ಉಟ್ಟವರಿಗೆ ಒಪ್ಪುವುದಿಲ್ಲ ಎಂಬ ತಕರಾರು. ಮೊದಲನೇ ಮಹಾಯುದ್ಧದ ಆ ದಿನಗಳಲ್ಲಿ ಯೊಕೊಹಾಮಾದ ವ್ಯಾಪಾರಿ ಸಂಸ್ಥೆಯೊಂದರ ಮೂಲಕ ವಿದೇಶದಿಂದ ದೊಡ್ಡ ಬೇಡಿಕೆ ಬಂತು. ಹೊರಗಿನವರು ಕೊಂಡಮೇಲೆ ಊರಿನವರಿಗೂ ಅದು ಬೇಕೆನಿಸಿತು. ಈ ಮಾತು ನಮಗೆ ಹೊಸದೇನಲ್ಲ. ‘ಎವರ್ ರೆಡಿ ಶಾರ್ಪ್ ಪೆನ್ಸಿಲ್’ ಎಂಬ ಹೆಸರು ಅಂಟಿದ್ದು ಆಗಲೇ. ಅಣ್ಣನ ಜೊತೆ ಸೇರಿ ಕಟ್ಟಿದ ಕಾರ್ಖಾನೆಯಲ್ಲಿ 1923ರ ಹೊತ್ತಿಗೆ ಸುಮಾರು 200 ಜನ ದುಡಿಯುತ್ತಿದ್ದರು.

1923ರ ಸೆಪ್ಟೆಂಬರ್ 1ರಂದು ಮಧ್ಯಾಹ್ನ, ಊಟದ ಹೊತ್ತಿಗೆ, ಕಾಂತೊ ಭೂಕಂಪ ಆಯಿತು. ಟೋಕಿಯೊ, ಯೊಕೊಹಾಮಾ ಉರಿದುಹೋದವು. ಸತ್ತವರು ಲಕ್ಷಕ್ಕೂ ಹೆಚ್ಚು. ಒಲೆ ಹೊತ್ತಿಸಿದ್ದ ಹೊತ್ತು, ಮನೆಗಳೆಲ್ಲ ಮರದವು, ಜೊತೆಗೆ ಬಲವಾದ ಗಾಳಿ. ಹಾಗಾಗಿ ಕಂಪನಕ್ಕಿಂತ ಬೆಂಕಿಗೇ ಹೆಚ್ಚು ಜನ ಬಲಿಯಾದರು. ಹೊಂಜೊ ಭಾಗ ಎಲ್ಲಕ್ಕಿಂತ ಹೆಚ್ಚು ಸುಟ್ಟ ಪ್ರದೇಶಗಳಲ್ಲೊಂದು. ಹಯಾಕಾವಾ ಅವರ ಕಾರ್ಖಾನೆ ಬೂದಿಯಾಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳು ಆ ದುರಂತಕ್ಕೆ ಬಲಿಯಾದರು. ಅವರಿಗಾಗ ಮೂವತ್ತೂ ತುಂಬಿರಲಿಲ್ಲ.

ಇದರ ಮೇಲೆ ಸಾಲ ಕೊಟ್ಟವರ ಕಾಟ. ಪೆನ್ಸಿಲ್ ಮಾರುವ ಒಪ್ಪಂದ ಮಾಡಿಕೊಂಡಿದ್ದ ಕಂಪನಿಯವರು ಮುಂಗಡ ಮತ್ತು ಠೇವಣಿಯಾಗಿ ಕೊಟ್ಟಿದ್ದ 20,000 ಯೆನ್ ವಾಪಸ್ ಕೇಳಿದರು. ಕೊಡಲು ಏನೂ ಉಳಿದಿರಲಿಲ್ಲ. ಹಯಾಕಾವಾ ಪೆನ್ಸಿಲಿನ ಪೇಟೆಂಟ್‌ಗಳನ್ನೇ ಬರೆದುಕೊಟ್ಟು ಋಣ ತೀರಿಸಿದರು. ಪೆನ್ಸಿಲ್ ಮಾಡುವುದನ್ನು ಕಲಿಸಿಕೊಡುವುದೂ ಒಪ್ಪಂದದಲ್ಲಿತ್ತು. ಅದಕ್ಕಾಗಿಯೇ ಅವರು ವರ್ಷದ ಕೊನೆಗೆ ಓಸಾಕಾಕ್ಕೆ ಹೋದದ್ದು. ಶಾರ್ಪ್ ಓಸಾಕಾದ ಕಂಪನಿಯಾದದ್ದು ಹೀಗೆ, ಸಾಲ ತೀರಿಸಲು ಹೋದವರು ಅಲ್ಲೇ ನಿಂತದ್ದರಿಂದ. ಆ ಕೆಲಸ ಮುಗಿಸಿ 1924ರ ಸೆಪ್ಟೆಂಬರ್ 1ರಂದು, ಅಂದರೆ ಭೂಕಂಪಕ್ಕೆ ಸರಿಯಾಗಿ ಒಂದು ವರ್ಷಕ್ಕೆ, ಅಲ್ಲೇ ‘ಹಯಾಕಾವಾ ಲೋಹ ಕಾರ್ಯಾಗಾರ’ ತೆರೆದರು. ಹೆಸರಿನಲ್ಲಿ ಪೆನ್ಸಿಲ್ ಇಲ್ಲ, ಗಮನಿಸಿ. ಆ ಪೆನ್ಸಿಲ್ ಈಗ ಅವರದ್ದಲ್ಲ.

ಇನ್ನು ಎಲೆಕ್ಟ್ರಾನಿಕ್ಸಿಗೆ ಬಂದ ಬಗೆ. ಓಸಾಕಾದ ಶಿನ್‌ಸಾಯ್‌ಬಾಶಿ ಬೀದಿಯ ಗಡಿಯಾರದ ಅಂಗಡಿಯೊಂದಕ್ಕೆ ಅಮೆರಿಕದಿಂದ ಎರಡು ಕ್ರಿಸ್ಟಲ್ ರೇಡಿಯೊ ಬಂದಿದ್ದವು. ಜಪಾನಿನಲ್ಲಿ ಆಗಿನ್ನೂ ಪ್ರಸಾರವೇ ಶುರುವಾಗಿರಲಿಲ್ಲ. ಹಯಾಕಾವಾ ಒಂದನ್ನು 7.50 ಯೆನ್‌ಗೆ ಕೊಂಡು ತಂದು, ಸಹಾಯಕರ ಜೊತೆ ಕೂತು ಬಿಚ್ಚಿದರು. ಕ್ರಿಸ್ಟಲ್ ರೇಡಿಯೊ ಎಷ್ಟು ಸರಳವೆಂದು ನಿಮಗೆ ಗೊತ್ತು: ತಂತಿಯ ಸುರುಳಿ, ಗೆಲೀನಾ ಎಂಬ ಸೀಸದ ಅದಿರಿನ ಹರಳು, ಅದಕ್ಕೆ ತಾಗುವ ಸಣ್ಣ ತಂತಿ, ಕಿವಿಗೆ ಹೆಡ್‌ಫೋನ್. ಬ್ಯಾಟರಿಯೂ ಬೇಡ, ಕರೆಂಟೂ ಬೇಡ. ಹರಳೇ ಡಯೋಡ್. ಉಳಿದದ್ದೆಲ್ಲ ಸಣ್ಣ ಲೋಹದ ಬಿಡಿಭಾಗ, ಅದು ಇವರಿಗೆ ನೀರು ಕುಡಿದಷ್ಟು ಸುಲಭ. 1925ರ ವಸಂತದಲ್ಲಿ ಜಪಾನಿನಲ್ಲೇ ತಯಾರಾದ ಮೊದಲ ಕ್ರಿಸ್ಟಲ್ ಸೆಟ್ ಸಿದ್ಧವಾಯಿತು. ಅದೇ ಜೂನ್‌ನಲ್ಲಿ ಓಸಾಕಾದಲ್ಲಿ ಪ್ರಸಾರ ಆರಂಭ. ಬೆಲೆ 3.50 ಯೆನ್, ಆಮದಿನ ಸೆಟ್ಟಿನ ಅರ್ಧಕ್ಕೂ ಕಡಿಮೆ. ಮಾಡಿದ ಹಾಗೆ ಮಾರಿಹೋಗುತ್ತಿತ್ತು. ಬಿಟ್ಟುಕೊಟ್ಟ ಪೆನ್ಸಿಲಿನ ಹೆಸರನ್ನು ರೇಡಿಯೊಗೆ ಇಟ್ಟರು: ಶಾರ್ಪ್.

ಇಲ್ಲಿಂದ ಮುಂದಿನ ಮೂವತ್ತು ವರ್ಷಗಳನ್ನು ಬೇಗ ದಾಟುತ್ತೇನೆ. ವಾಲ್ವ್ ರೇಡಿಯೊ, ರಫ್ತು, 1936ರಲ್ಲಿ ಕನ್ವೇಯರ್ ಮೇಲೆ 56 ಸೆಕೆಂಡಿಗೊಂದು ರೇಡಿಯೊ, ಯುದ್ಧಕಾಲದಲ್ಲಿ ಸೈನ್ಯಕ್ಕೆ ಸಂಪರ್ಕ ಸಾಧನಗಳು, 1942ರಲ್ಲಿ ‘ಹಯಾಕಾವಾ ಎಲೆಕ್ಟ್ರಿಕ್’ ಎಂಬ ಹೆಸರು. ಆದರೆ ಈ ಅವಧಿಯ ಎರಡು ಸಂಗತಿಗಳನ್ನು ಬಿಡುವ ಹಾಗಿಲ್ಲ. ಮೊದಲನೆಯದು, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಹಯಾಕಾವಾ ಒಂದು ಕಾರ್ಖಾನೆ ತೆರೆದರು. 1950ರಲ್ಲಿ ಅದನ್ನು ಪ್ರತ್ಯೇಕ ಸಂಸ್ಥೆಯಾಗಿಸಿದರು. ದಾನ ಕೊಟ್ಟರೆ ಕರಗುತ್ತದೆ, ಕೆಲಸ ಕೊಟ್ಟರೆ ನಿಲ್ಲುತ್ತದೆ ಎಂಬುದು ಅವರ ನಿಲುವು. ಇನೊಯೆ ಅವರ ಋಣ ಅದರ ಹಿಂದಿತ್ತು. ಆ ಸಂಸ್ಥೆ ಅಂಗವಿಕಲರನ್ನು ನೌಕರಿಗೆ ತೆಗೆದುಕೊಳ್ಳುವ ಅಂಗಸಂಸ್ಥೆಯಾಗಿ ಮುಂದೆಯೂ ಉಳಿಯಿತು. ಎರಡನೆಯದು, 1949–50ರ ಹಣಕಾಸಿನ ಬಿಗಿ. ಹಣದುಬ್ಬರ ತಡೆಯಲು ಅಮೆರಿಕದ ಆಡಳಿತ ಹೇರಿದ ಕ್ರಮದಿಂದ ರೇಡಿಯೊ ಕಂಪನಿಗಳು ಸಾಲುಸಾಲಾಗಿ ಮುಳುಗಿದವು. ಜನರನ್ನು ತೆಗೆದರೆ ಮಾತ್ರ ಸಾಲ ಎಂದು ಬ್ಯಾಂಕಿನವರು ಪಟ್ಟು ಹಿಡಿದರು. ನೌಕರರನ್ನು ಕಳಿಸುವುದಕ್ಕಿಂತ ಕಂಪನಿ ಮುಚ್ಚುವುದೇ ಮೇಲೆಂದು ಹಯಾಕಾವಾ ಯೋಚಿಸುತ್ತಿದ್ದಾಗ, ಕಾರ್ಮಿಕ ಸಂಘವೇ ಮುಂದೆ ಬಂದು ಸ್ವಯಂನಿವೃತ್ತಿಗೆ ಜನರನ್ನು ಒಪ್ಪಿಸಿತು. ಕೊರಿಯಾ ಯುದ್ಧ ಶುರುವಾಗಿ ಬೇಡಿಕೆ ಮರಳಿತು, ಕಂಪನಿ ಉಳಿಯಿತು. 1950ರ ಈ ಘಟನೆಯನ್ನು ನೆನಪಿಡಿ.

1953ರಲ್ಲಿ ಜಪಾನಿನಲ್ಲಿ ಟಿವಿ ಪ್ರಸಾರ ಬಂತು. ಅದೇ ವರ್ಷ ಇವರ 14 ಇಂಚಿನ ಸೆಟ್ 1,75,000 ಯೆನ್‌ಗೆ ಮಾರುಕಟ್ಟೆಗೆ ಇಳಿಯಿತು. ಹೈಸ್ಕೂಲು ಮುಗಿಸಿ ಸರ್ಕಾರಿ ಕೆಲಸಕ್ಕೆ ಸೇರಿದವರ ಸಂಬಳ ಆಗ ತಿಂಗಳಿಗೆ 5,400 ಯೆನ್. 1962ರಲ್ಲಿ ಜಪಾನಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಮೈಕ್ರೊವೇವ್ ಓವನ್, 1963ರಲ್ಲಿ ಸೌರಕೋಶ. ಎಲ್ಲವೂ ಮುಖ್ಯವೇ, ಆದರೆ ನಿಮ್ಮಂಥ ವಿದ್ಯಾರ್ಥಿಗೆ ನಿಜವಾದ ರುಚಿ ಇರುವುದು ಕ್ಯಾಲ್ಕುಲೇಟರಿನಲ್ಲಿ.

1960ರ ಸುಮಾರಿಗೆ ಕಂಪನಿಯ ಎಳೆಯ ಎಂಜಿನಿಯರುಗಳಿಗೆ ಕಂಪ್ಯೂಟರ್ ಮಾಡುವ ಹಂಬಲ. ಆದರೆ ಕಂಪ್ಯೂಟರ್ ತಯಾರಿಕೆಗೆ ಸರ್ಕಾರದ ಬೆಂಬಲ ಇದ್ದದ್ದು ಹಿಟಾಚಿ, ಫುಜಿತ್ಸು, ಎನ್‌ಇಸಿಯಂಥ ದೊಡ್ಡವರಿಗೆ. ಹಯಾಕಾವಾ ಎಲೆಕ್ಟ್ರಿಕ್ ಆ ಪಂಕ್ತಿಯಲ್ಲಿ ಇರಲಿಲ್ಲ. ದೊಡ್ಡದು ಸಿಗದಿದ್ದರೆ ಚಿಕ್ಕದು: ತರಕಾರಿ ಅಂಗಡಿಯವನೂ ಮಣಿಚೌಕಟ್ಟಿನಷ್ಟೇ ಸಲೀಸಾಗಿ ಬಳಸಬಹುದಾದ ಲೆಕ್ಕದ ಯಂತ್ರ. 1964ರಲ್ಲಿ ಸಿಎಸ್-10ಎ ಹೊರಬಂತು. ಬ್ರಿಟನ್ನಿನ ಅನಿಟಾ ಎಂಬ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಮೂರು ವರ್ಷ ಮೊದಲೇ ಬಂದಿತ್ತು, ಆದರೆ ಅದು ವಾಲ್ವ್‌ಗಳದ್ದು. ಇದು ಪೂರ್ತಿ ಟ್ರಾನ್ಸಿಸ್ಟರ್ ಮತ್ತು ಡಯೋಡ್‌ಗಳದ್ದು, ಅಂಥವುಗಳಲ್ಲಿ ಜಗತ್ತಿನ ಮೊದಮೊದಲಿನವುಗಳಲ್ಲೊಂದು. ತೂಕ 25 ಕಿಲೊ. ಬೆಲೆ 5,35,000 ಯೆನ್, ಅಂದಿನ ಒಂದು ಕಾರಿನ ಬೆಲೆ.

ಅದೇ ವರ್ಷ ಕಂಪನಿಗೆ ಬಂದವರು ತಾದಾಶಿ ಸಸಾಕಿ. ಯೋಚನೆ ರಾಕೆಟ್ಟಿನ ವೇಗದಲ್ಲಿ ಓಡುತ್ತದೆಂದು ಅಮೆರಿಕನ್ನರು ಅವರಿಗೆ ‘ರಾಕೆಟ್ ಸಸಾಕಿ’ ಎಂದೇ ಹೆಸರಿಟ್ಟಿದ್ದರು. ನೂರಾರು ಟ್ರಾನ್ಸಿಸ್ಟರ್‌ಗಳನ್ನು ಕೆಲವೇ ಚಿಪ್‌ಗಳಲ್ಲಿ ತುಂಬಬೇಕು, ಅದೂ ವಿದ್ಯುತ್ ಕಡಿಮೆ ನುಂಗುವ ಮಾಸ್ (MOS) ಎಂಬ ಚಿಪ್ ತಯಾರಿಕೆಯ ತಂತ್ರದಲ್ಲಿ ಎಂದು ಅವರು ಹಟ ಹಿಡಿದರು. ಅಮೆರಿಕದ ಚಿಪ್ ಕಂಪನಿಗಳು ಒಂದಾದ ಮೇಲೊಂದು ಆಗುವುದಿಲ್ಲ ಎಂದವು. ಮಿಲಿಟರಿ ಮತ್ತು ಬಾಹ್ಯಾಕಾಶದ ಕೆಲಸ ಲಾಭಕರವಾಗಿದ್ದಾಗ ಅಗ್ಗದ ಕ್ಯಾಲ್ಕುಲೇಟರ್ ಯಾರಿಗೆ ಬೇಕು? ಕೊನೆಗೆ ನಾರ್ತ್ ಅಮೆರಿಕನ್ ರಾಕ್‌ವೆಲ್ ಒಪ್ಪಿತು. 1969ರ ಕ್ಯೂಟಿ-8ಡಿಯಲ್ಲಿ ಎಲ್‌ಎಸ್‌ಐ ಎಂಬ, ನೂರಾರು ಟ್ರಾನ್ಸಿಸ್ಟರ್ ತುಂಬಿದ ನಾಲ್ಕು ಚಿಪ್‌ಗಳು, ಬೆಲೆ 99,800 ಯೆನ್. ಐದು ವರ್ಷದಲ್ಲಿ ಬೆಲೆ ಐದರಲ್ಲೊಂದು ಪಾಲಿಗಿಂತಲೂ ಕೆಳಗೆ ಬಂತು, ಯಂತ್ರ ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಹಗುರವಾಯಿತು.

ಮರುವರ್ಷ ಓಸಾಕಾದಲ್ಲಿ ವಿಶ್ವ ಪ್ರದರ್ಶನ. ಪಕ್ಕದವರೆಲ್ಲ ಅಲ್ಲಿ ಕೋಟಿಗಟ್ಟಲೆ ಸುರಿದು ಮಂಟಪ ಕಟ್ಟುತ್ತಿದ್ದರು. ಊರಿನದೇ ಕಂಪನಿಯಾಗಿಯೂ ಹಯಾಕಾವಾ ಎಲೆಕ್ಟ್ರಿಕ್ ಹಿಂದೆ ಸರಿದು, ಆ ಹಣವನ್ನು ನಾರಾ ಬಳಿಯ ತೆನ್ರಿಯಲ್ಲಿ ಸೆಮಿಕಂಡಕ್ಟರ್ ಘಟಕಕ್ಕೂ ಸಂಶೋಧನಾ ಕೇಂದ್ರಕ್ಕೂ ಹಾಕಿತು. ಆರು ತಿಂಗಳ ಜಾತ್ರೆಗೆ ಬದಲು ಮುಂದಿನ ಮೂವತ್ತು ವರ್ಷದ ಅನ್ನ. ಇಡೀ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ತೀರ್ಮಾನ ಈ ಕಂಪನಿ ಮಾಡಿಲ್ಲ ಎಂದು ನಾನು ಹೇಳುತ್ತೇನೆ. ಕಂಪನಿ ‘ಶಾರ್ಪ್ ಕಾರ್ಪೊರೇಷನ್’ ಆದದ್ದೂ 1970ರಲ್ಲೇ. ಸ್ಥಾಪಕರು ಅಧ್ಯಕ್ಷತೆಯ ಗೌರವದ ಕುರ್ಚಿಗೆ ಸರಿದು ದೈನಂದಿನ ಆಡಳಿತವನ್ನು ಅಕಿರಾ ಸಾಯೆಕಿ ಅವರಿಗೆ ಬಿಟ್ಟರು.

ಆಮೇಲೆ ಶುರುವಾದ ಬೆಲೆ ಸಮರಕ್ಕೆ ಜಪಾನಿನಲ್ಲಿ ‘ಕ್ಯಾಲ್ಕುಲೇಟರ್ ಯುದ್ಧ’ ಎಂದೇ ಹೆಸರು. ಹತ್ತಾರು ಕಂಪನಿಗಳು ನುಗ್ಗಿದವು. 1972ರಲ್ಲಿ ಕ್ಯಾಸಿಯೊ ತನ್ನ ‘ಮಿನಿ’ಯನ್ನು 12,800 ಯೆನ್‌ಗೆ ಬಿಟ್ಟಿತು. ಬೆಲೆಯಲ್ಲಿ ಗುದ್ದಾಡುವ ಬದಲು ಶಾರ್ಪ್ ಬೇರೊಂದು ದಾರಿ ಹುಡುಕಿತು. ಆಗಿನ ಕ್ಯಾಲ್ಕುಲೇಟರಿನಲ್ಲಿ ಅಂಕಿ ತೋರಿಸುವ ಹೊಳೆಯುವ ಕೊಳವೆಯೇ ಬ್ಯಾಟರಿಯನ್ನು ತಿಂದುಹಾಕುತ್ತಿತ್ತು. ಬೆಳಕು ಹೊಮ್ಮಿಸದೆ, ಇರುವ ಬೆಳಕನ್ನೇ ಚದುರಿಸಿ ಅಂಕಿ ಮೂಡಿಸುವ ವಸ್ತು ಸಿಕ್ಕರೆ? ಅದು ಅಮೆರಿಕದ ಆರ್‌ಸಿಎ ಕಂಪನಿಯ ಪ್ರಯೋಗಾಲಯದಲ್ಲಿತ್ತು. ಜಾರ್ಜ್ ಹೈಲ್‌ಮಾಯರ್ ಅವರ ತಂಡ 1968ರಲ್ಲಿ ದ್ರವಸ್ಫಟಿಕದ ಪರದೆಯನ್ನು, ಅಂದರೆ ಎಲ್‌ಸಿಡಿಯನ್ನು, ಲೋಕಕ್ಕೆ ತೋರಿಸಿತ್ತು. ಶಾರ್ಪಿನ ತೊಮಿಯೊ ವಾದಾ ಟಿವಿ ಕಾರ್ಯಕ್ರಮವೊಂದರಲ್ಲಿ ಅದನ್ನು ನೋಡಿ ಬೆನ್ನುಬಿದ್ದರು. ಕ್ಯಾಲ್ಕುಲೇಟರಿಗೆ ಪರದೆ ಮಾಡಿಕೊಡಿ ಎಂದರೆ ಆರ್‌ಸಿಎ ಒಪ್ಪಲಿಲ್ಲ. ಹಕ್ಕು ಕೊಂಡು ತಾವೇ ಮಾಡಲು ಕೂತರು. ನೇರ ವಿದ್ಯುತ್ ಹರಿಸಿದರೆ ದ್ರವಸ್ಫಟಿಕ ಬೇಗ ಕೆಡುತ್ತದೆ, ಎರಡೂ ದಿಕ್ಕಿಗೆ ಬದಲಾಗುವ ಎಸಿ ಕೊಟ್ಟರೆ ಬಾಳಿಕೆ ಬರುತ್ತದೆ. ಇವತ್ತು ನಿಮ್ಮ ಪಠ್ಯದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಅಂಶ ಆ ದಿನಗಳಲ್ಲಿ ಗೆಲುವು ಸೋಲಿನ ಪ್ರಶ್ನೆಯಾಗಿತ್ತು. 1973ರಲ್ಲಿ ಇಎಲ್-805 ಬಂತು: ಎಲ್‌ಸಿಡಿ ಇರುವ ಜೇಬಿನ ಕ್ಯಾಲ್ಕುಲೇಟರ್, ಒಂದೇ ಪೆನ್ಸಿಲ್ ಸೆಲ್ಲಿನಲ್ಲಿ 100 ಗಂಟೆ. ಬೆಲೆ 26,800 ಯೆನ್, ಕ್ಯಾಸಿಯೊದ ಎರಡರಷ್ಟು. ಆದರೂ ಜನ ಕೊಂಡರು. ಎಲ್‌ಸಿಡಿಯನ್ನು ಲೋಕಕ್ಕೆ ತೋರಿಸಿದ ಆರ್‌ಸಿಎ ಕೆಲವೇ ವರ್ಷಗಳಲ್ಲಿ ಆ ವ್ಯವಹಾರವನ್ನೇ ಕೈಬಿಟ್ಟಿತು.

ಬೇರೆಯವರು ನಕಲು ಮಾಡಬೇಕೆನಿಸುವ ಸಾಮಾನು ಮಾಡಿ ಎಂದು ಹಯಾಕಾವಾ ತಮ್ಮವರಿಗೆ ಹೇಳುತ್ತಿದ್ದರು. ಕೇಳಲು ಹೆಮ್ಮೆಯ ಮಾತು, ಆದರೆ ಒಳಗೊಂದು ಲೆಕ್ಕವಿದೆ. ನಕಲು ಬಂದೇ ಬರುತ್ತದೆ, ಅಷ್ಟರಲ್ಲಿ ನೀವು ಅಲ್ಲಿರಬೇಡಿ. ಅವರು 1980ರ ಜೂನ್ 24ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡರು.

ಮುಂದಿನ ಇಪ್ಪತ್ತು ವರ್ಷ ಎಲ್‌ಸಿಡಿಯದೇ ಮೆರವಣಿಗೆ. 1988ರಲ್ಲಿ 14 ಇಂಚಿನ ಬಣ್ಣದ ಪರದೆ ತೋರಿಸಿದಾಗ ಗೋಡೆಗೆ ನೇತುಹಾಕುವ ಟಿವಿ ಕನಸಲ್ಲ ಎಂದು ಎಲ್ಲರಿಗೂ ಮನವರಿಕೆಯಾಯಿತು. ನಮ್ಮಲ್ಲೂ ಪುಣೆಯ ‘ಕಲ್ಯಾಣಿ ಶಾರ್ಪ್’ ಹೆಸರಿನ ಟಿವಿಗಳನ್ನು ನಿಮ್ಮ ಮನೆಯ ಹಿರಿಯರು ನೆನಪಿಸಿಕೊಂಡಾರು, ಆದರೆ ಅವು ಹಳೆಯ ಪಿಕ್ಚರ್ ಟ್ಯೂಬಿನವು. 1998ರಲ್ಲಿ ಅಧಿಕಾರಕ್ಕೆ ಬಂದ ಕತ್ಸುಹಿಕೊ ಮಾಚಿದಾ, ಜಪಾನಿನಲ್ಲಿ ಮಾರುವ ತಮ್ಮ ಎಲ್ಲ ಟಿವಿಗಳೂ 2005ರೊಳಗೆ ಎಲ್‌ಸಿಡಿ ಆಗುತ್ತವೆ ಎಂದು ಘೋಷಿಸಿದರು. 2001ರಲ್ಲಿ ಅಕ್ವೋಸ್ ಟಿವಿ ಬಂತು. 2004ರಲ್ಲಿ ಮಿಯೆ ಪ್ರಾಂತ್ಯದ ಕಾಮೆಯಾಮಾದಲ್ಲಿ, ಪರದೆಯಿಂದ ಹಿಡಿದು ಪೂರ್ತಿ ಟಿವಿಯವರೆಗೆ ಒಂದೇ ಆವರಣದಲ್ಲಿ ತಯಾರಾಗುವ ಕಾರ್ಖಾನೆ ಶುರುವಾಯಿತು. ‘ಕಾಮೆಯಾಮಾ ಮಾಡೆಲ್’ ಎಂದು ಕಾರ್ಖಾನೆಯ ಹೆಸರನ್ನೇ ಅಂಟಿಸಿ ಟಿವಿ ಮಾರಿದರು, ಜನರೂ ಅದನ್ನು ಕೇಳಿ ಕೊಂಡರು.

ನನ್ನ ಪ್ರಕಾರ ಎಡವಿದ್ದು ಇಲ್ಲೇ. ಕಾರ್ಖಾನೆಯೇ ಹೆಮ್ಮೆಯಾದಾಗ ಅದನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಅಷ್ಟರಲ್ಲಿ ಕೊರಿಯಾ, ತೈವಾನಿನವರು ಅದೇ ಯಂತ್ರಗಳನ್ನು ಕೊಂಡು ಅದೇ ಪರದೆಯನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದರು. ಟಿವಿ ಪರದೆ ಸಿಮೆಂಟಿನ ಹಾಗೆ ಯಾರು ಮಾಡಿದರೂ ಒಂದೇ ಎಂಬ ಸರಕಾಗುತ್ತಿತ್ತು. ಶಾರ್ಪ್ ಮಾತ್ರ ಇನ್ನೂ ದೊಡ್ಡ ಗಾಜಿಗೆ ಕೈಹಾಕಿತು. ಓಸಾಕಾ ಬಳಿಯ ಸಕಾಯ್‌ನಲ್ಲಿ, ಸುಮಾರು 2.9 ಮೀಟರ್‌ಗೆ 3.1 ಮೀಟರ್ ಅಳತೆಯ ಗಾಜಿನ ಹಾಳೆಗಳನ್ನು ಬಳಸುವ ಜಗತ್ತಿನ ಮೊದಲ ಹತ್ತನೇ ತಲೆಮಾರಿನ ಘಟಕ (ಗಾಜಿನ ಹಾಳೆ ದೊಡ್ಡದಾದಂತೆ ತಲೆಮಾರಿನ ಅಂಕಿ ಏರುತ್ತದೆ). 2007ರಲ್ಲಿ ಘೋಷಣೆ, 2009ರ ಅಕ್ಟೋಬರಿನಲ್ಲಿ ಕೆಲಸ ಶುರು. ನಡುವೆ 2008ರ ಹಣಕಾಸು ಕುಸಿತ. ಯೆನ್ ದುಬಾರಿಯಾಗಿ ರಫ್ತು ನೆಲಕಚ್ಚಿತು. ಜೊತೆಗೆ ಜಪಾನಿನೊಳಗಿನ ಒಂದು ಸೂಕ್ಷ್ಮ. 2011ರ ಜುಲೈನಲ್ಲಿ ಅನಲಾಗ್ ಪ್ರಸಾರ ನಿಲ್ಲಲಿದ್ದರಿಂದ, ಸರ್ಕಾರದ ಪ್ರೋತ್ಸಾಹಧನವೂ ಸೇರಿ, ಜನ ಅದಕ್ಕೆ ಮೊದಲೇ ಹೊಸ ಟಿವಿ ಕೊಂಡು ಮುಗಿಸಿದ್ದರು. ಆಮೇಲೆ ಬೇಡಿಕೆ ಧಡಕ್ಕನೆ ಬಿತ್ತು. ಸಕಾಯ್ ಘಟಕದಲ್ಲಿ ಪಾಲು ತೆಗೆದುಕೊಂಡಿದ್ದ ಸೋನಿ 2012ರಲ್ಲಿ ಹೊರನಡೆಯಿತು. ಇಂಥ ಘಟಕವನ್ನು ಅರ್ಧ ಓಡಿಸಿದರೂ ಖರ್ಚು ಮಾತ್ರ ಪೂರ್ತಿ.

ಲೆಕ್ಕ ನೋಡಿ. 2012ರ ಮಾರ್ಚಿಗೆ ಕೊನೆಗೊಂಡ ವರ್ಷದ ನಷ್ಟ ಸುಮಾರು 37,600 ಕೋಟಿ ಯೆನ್, ಮರುವರ್ಷ ಸುಮಾರು 54,500 ಕೋಟಿ. ಕಂಪನಿಗೆ ನೂರು ತುಂಬಿದ 2012ರಲ್ಲೇ ಸುಮಾರು 3,000 ನೌಕರರು ಸ್ವಯಂನಿವೃತ್ತಿ ಪಡೆದರು. ಆ ಬಗೆಯ ಕಡಿತ 1950ರ ನಂತರ ಅದೇ ಮೊದಲು. ಅದೇ ವರ್ಷ ಫಾಕ್ಸ್‌ಕಾನ್ ಎಂದು ನಮಗೆಲ್ಲ ಗೊತ್ತಿರುವ ತೈವಾನಿನ ಹೊನ್ ಹಾಯ್‌ನ ಒಡೆಯ ಟೆರ್ರಿ ಗೌ, ಸ್ವಂತ ಹಣ ಹಾಕಿ ಸಕಾಯ್ ಘಟಕದಲ್ಲಿ ಪಾಲು ಕೊಂಡರು. 2016ರಲ್ಲಿ ಹೊನ್ ಹಾಯ್ ಬಳಗ 38,880 ಕೋಟಿ ಯೆನ್ ಕೊಟ್ಟು ಶಾರ್ಪಿನ ಶೇ 66ರಷ್ಟು ಪಾಲು ತೆಗೆದುಕೊಂಡಿತು. ಹೊನ್ ಹಾಯ್‌ನ ತಾಯ್ ಜೆಂಗ್-ವು ಶಾರ್ಪಿನ ಮುಖ್ಯಸ್ಥರಾಗಿ ಬಂದು ಖರ್ಚಿಗೆ ಕತ್ತರಿ ಹಾಕಿದರು, ಮರುವರ್ಷಗಳಲ್ಲಿ ಲಾಭವೂ ಕಂಡಿತು. ಆದರೆ ಪರದೆಯ ಪೆಟ್ಟು ಬಿಡಲಿಲ್ಲ. 2024ರ ಆಗಸ್ಟಿನಲ್ಲಿ ಸಕಾಯ್‌ನಲ್ಲಿ ಟಿವಿ ಪರದೆ ತಯಾರಿಕೆ ನಿಂತಿತು. ಅದರೊಂದಿಗೆ ಜಪಾನಿನಲ್ಲಿ ಟಿವಿಗೆ ಬೇಕಾದ ದೊಡ್ಡ ಎಲ್‌ಸಿಡಿ ಮಾಡುವವರೇ ಇಲ್ಲವಾದರು. ಆ ಜಾಗದ ದೊಡ್ಡ ಪಾಲನ್ನು ಎಐ ಡೇಟಾ ಸೆಂಟರಿಗಾಗಿ ಜಪಾನಿನದೇ ಸಾಫ್ಟ್‌ಬ್ಯಾಂಕ್ ಕಂಪನಿ ಕೊಳ್ಳಲು ಒಪ್ಪಿತು. ಸಾಫ್ಟ್‌ಬ್ಯಾಂಕಿನ ಮಸಾಯೊಶಿ ಸೋನ್ ಅವರು ವಿದ್ಯಾರ್ಥಿಯಾಗಿದ್ದಾಗ ತಾವು ರೂಪಿಸಿದ ಭಾಷಾಂತರ ಯಂತ್ರವನ್ನು ಮಾರಿ ಮೊದಲ ದೊಡ್ಡ ದುಡ್ಡು ಕಂಡದ್ದು ಇದೇ ಶಾರ್ಪಿನಿಂದ, ರಾಕೆಟ್ ಸಸಾಕಿಯವರ ಕೈಯಿಂದ.

ಇನ್ನು ಕೊನೆಯ ಪ್ರಶ್ನೆ. ಶಾರ್ಪಿನ ಷೇರು ಇವತ್ತಿಗೂ ಟೋಕಿಯೊ ಪೇಟೆಯಲ್ಲಿದೆ, ಮುಖ್ಯ ಕಚೇರಿ ಜಪಾನಿನಲ್ಲೇ ಇದೆ, 2024ರಲ್ಲಿ ಮುಖ್ಯಸ್ಥರಾದ ಮಸಾಹಿರೊ ಒಕಿತ್ಸು ಜಪಾನಿನವರು. ಹೆಚ್ಚಿನ ಪಾಲು ಮಾತ್ರ ಹೊನ್ ಹಾಯ್ ಬಳಗದ್ದು. ಹಾಗಾಗಿ ಜಪಾನಿನಲ್ಲಿ ನಡೆಯುವ, ತೈವಾನ್ ಒಡೆತನದ ಕಂಪನಿ ಎಂದು ಬರೆದರೆ ಪರೀಕ್ಷೆಯಲ್ಲಿ ಯಾರೂ ಅಂಕ ಕಳೆಯುವುದಿಲ್ಲ. ಪೆನ್ಸಿಲಿನ ವಿಷಯದಲ್ಲಿ ಮೇಷ್ಟ್ರಿಗೆ 1822 ಮತ್ತು 1915, ಈ ಎರಡು ಇಸವಿಗಳನ್ನು ಮೆಲ್ಲಗೆ ತಿಳಿಸಿ.